ಟಿಡಿಎಸ್ ಮೀಟರ್ ನೋಡಿ ಗಡಸು ನೀರಿಗೆ ಪರಿಹಾರ ಕೊಳ್ಳಬೇಡಿ

ಬೋರ್‌ವೆಲ್ ನೀರು ಬಳಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಾರಾದರೂ ಮನೆಗೆ ಬಂದು, ಲೋಟದ ನೀರಿಗೆ ಪೆನ್ನಿನಂಥ ಮೀಟರ್ ಅದ್ದಿ ಏನಾದರೂ ಮಾರಲು ನೋಡಿದ್ದರೆ ಖಂಡಿತ ಓದಿ.

ಈ ಮನೆಗೆ ಬಂದ ವಾರದಲ್ಲೇ ನೀರು ಗಡಸು ಅಂತ ಗೊತ್ತಾಗಿತ್ತು. ಸೋಪು ಎಷ್ಟು ಉಜ್ಜಿದರೂ ನೊರೆ ಇಲ್ಲ. ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು ಕಟ್ಟುತ್ತಿತ್ತು. ಒಗೆದ ಟವೆಲ್ ಒಣಗಿದರೆ ರಟ್ಟಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ಶವರಿನ ಅರ್ಧ ತೂತು ಮುಚ್ಚಿಹೋಗಿ ನೀರು ಪಕ್ಕಕ್ಕೆ ಚಿಮ್ಮುತ್ತಿತ್ತು.

ಆಗ ಬಂದ ಮಾರಾಟಗಾರರು ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಅದ್ದಿ, ಅದರ ಸಂಖ್ಯೆ ತೋರಿಸಿ, "ನೋಡಿ, ಎಷ್ಟು ಜಾಸ್ತಿ ಇದೆ" ಅಂದರು. ಪೈಪಿನ ಹೊರಗೆ ಕಟ್ಟುವ ಅಯಸ್ಕಾಂತ ಕೊಟ್ಟರು. ಉಪ್ಪು ಬೇಡ, ಕರೆಂಟ್ ಬೇಡ, ಇನ್ನು ಚಿಂತೆಯೇ ಬೇಡ ಅಂದರು. ನಾವೂ ನಂಬಿ ಸುಮ್ಮನಾದೆವು.

ಕೆಲವು ತಿಂಗಳಿಗೆ ಗೀಸರ್ ಸದ್ದು ಮಾಡಲು ಶುರುಮಾಡಿತು. ಒಳಗೆ ಯಾರೋ ಕಲ್ಲು ಹುರಿದ ಹಾಗೆ ಟಪ್ ಟಪ್. ನೀರು ಕಾಯಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾಯಿತು. ಇದೇ ಮುನ್ಸೂಚನೆ ಅಂತ ಆಗ ನನಗೆ ತಿಳಿಯಲಿಲ್ಲ. ಒಂದು ದಿನ ಸ್ವಿಚ್ ಹಾಕಿದ ತಕ್ಷಣ ಇಡೀ ಮನೆಯ ಕರೆಂಟ್ ಟ್ರಿಪ್ ಆಯಿತು.

ರಿಪೇರಿಯವರು ಬಿಚ್ಚಿದಾಗ ಕಾಯಿಲ್ ಕಾಣಿಸಲೇ ಇಲ್ಲ. ಅದರ ಸುತ್ತ ಹವಳದ ಹಾಗೆ ಬಿಳಿ ಕಲ್ಲು ಬೆಳೆದಿತ್ತು. ಟ್ಯಾಂಕ್ ಬಗ್ಗಿಸಿದರೆ ಮೊಟ್ಟೆ ಚಿಪ್ಪಿನಂಥ ಹಕ್ಕಳೆಗಳು ಬುಳುಬುಳು ಸುರಿದವು. ಆ ಪದರ ಬಿಸಿಯನ್ನು ನೀರಿಗೆ ಹೋಗಲು ಬಿಡದೆ, ಕಾಯಿಲ್ ವಿಪರೀತ ಕಾದು ಅದರ ಹೊರ ಕೊಳವೆಯೇ ಸೀಳಿತ್ತು. ಇನ್ನೂ ಕೆಟ್ಟ ವಿಷಯ ಅಂದರೆ, ಒತ್ತಡ ಜಾಸ್ತಿಯಾದಾಗ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವ್ ಕೂಡ ಸುಣ್ಣ ಕಟ್ಟಿ ಅಂಟಿಕೊಂಡಿತ್ತು. ಆ ವಾಲ್ವ್ ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ. ಅದೇ ಬಾತ್‌ರೂಮಿನಲ್ಲಿ ಮಕ್ಕಳು ಸ್ನಾನ ಮಾಡುತ್ತಿದ್ದರು.

ಆಮೇಲೆ ಕೂತು ಓದಿದೆ. ಮಳೆ ನೀರು ಮೆದುವೇ. ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣದ ಕಲ್ಲಿನಂಥ ಬಂಡೆಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಕಾಯಿಸಿದಾಗ ಇದೇ ಕೆಲಸ ಹಿಂದುಮುಂದಾಗುತ್ತದೆ. ಅನಿಲ ಹೊರಟುಹೋಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. ನಾನು ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದೆ. ಈಗ 60 ಡಿಗ್ರಿಗಿಂತ ಮೇಲೆ ಇಡುವುದಿಲ್ಲ.

ಇನ್ನು ಆ ಮೀಟರ್ ವಿಷಯ. ಅದು ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಅಂದಾಜು ಹೇಳುತ್ತದೆ, ಅಷ್ಟೇ. ಅದರಲ್ಲಿ ಸುಣ್ಣ ಎಷ್ಟು, ಅಡುಗೆ ಉಪ್ಪಿನಂಥದ್ದು ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರ ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಹಾಗಾಗಿ ನೀರು ಮೆದುವಾದರೂ ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ! ನಿಮಗೆ ಬೇಕಾದದ್ದು ಗಡಸುತನದ ಪರೀಕ್ಷೆ. ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ, ಲ್ಯಾಬಿನಲ್ಲೂ ಮಾಡುತ್ತಾರೆ. ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು, 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು ಅಂತ ಸಾಮಾನ್ಯವಾಗಿ ಲೆಕ್ಕ.

ನಾನು ಅಂಥ ಕಿಟ್ ತಂದು ಅಯಸ್ಕಾಂತದ ಮೊದಲಿನ ನಲ್ಲಿಯ ನೀರು, ಆಮೇಲಿನ ನಲ್ಲಿಯ ನೀರು ಎರಡಕ್ಕೂ ಹನಿ ಎಣಿಸಿ ಹಾಕಿದೆ. ಬಣ್ಣ ತಿರುಗಲು ಎರಡಕ್ಕೂ ಒಂದೇ ಲೆಕ್ಕದ ಹನಿ ಬೇಕಾಯಿತು. ಒಂದು ಹನಿಯೂ ವ್ಯತ್ಯಾಸವಿಲ್ಲ. ಪೈಪಿನ ಹೊರಗೆ ಕೂತ ಅಯಸ್ಕಾಂತ ಒಳಗಿನ ಕ್ಯಾಲ್ಸಿಯಂ ತೆಗೆಯಲಾರದು, ಅಲ್ವಾ? ಯಾರೇ ಏನೇ ಮಾರಲಿ, ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ನಿಮ್ಮ ಕಣ್ಣೆದುರೇ ಈ ಪರೀಕ್ಷೆ ಮಾಡಿಸಿ. ಅದಕ್ಕೆ ಒಪ್ಪದಿದ್ದರೆ ಕೊಳ್ಳಬೇಡಿ.

ಕುಡಿಯಲು ಹೆದರಬೇಕಿಲ್ಲ, ಗಡಸುತನ ಒಂದರಿಂದಲೇ ಆರೋಗ್ಯ ಕೆಡುವುದಿಲ್ಲ. ಕೆಟಲ್, ಶವರ್‌ಗೆ ಕಟ್ಟಿದ ಸುಣ್ಣ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದಲ್ಲಿ ನೆನೆಸಿದರೆ ಗುಳ್ಳೆ ಎದ್ದು ಕರಗಿಹೋಗುತ್ತದೆ. ಆದರೆ ಇವುಗಳ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ. ವಿಷಾನಿಲ ಬರುತ್ತದೆ. ಗೀಸರ್ ಟಪ್ ಟಪ್ ಅನ್ನುತ್ತಿದ್ದರೆ ಇವತ್ತೇ ಸ್ವಿಚ್ ಆರಿಸಿ, ಬಿಚ್ಚಿಸಿ ನೋಡಿ. ಕಾಯಿಲ್ ಜೊತೆ ಸೇಫ್ಟಿ ವಾಲ್ವನ್ನೂ ತೋರಿಸಿ ಅಂತ ನೀವೇ ಕೇಳಿ.