ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಹಿರಿಯರ ಒಣಚರ್ಮಕ್ಕೆ ಶೇ. 10ರ ಯೂರಿಯಾ ಕ್ರೀಮ್: ಎಲ್ಲಿ ಹಚ್ಚಬೇಕು, ಎಲ್ಲಿ ಬೇಡ

ಕೀಮೋ ಅಥವಾ ಟಾರ್ಗೆಟೆಡ್ ಮಾತ್ರೆ (ಕ್ಯಾನ್ಸರ್ ಕೋಶಗಳನ್ನು ಗುರಿಯಿಟ್ಟು ಕೆಲಸ ಮಾಡುವ ಮಾತ್ರೆ) ನಡೆಯುತ್ತಿರುವಾಗ ಹಿರಿಯರ ಮೊಣಕಾಲ ಕೆಳಗಿನ ಚರ್ಮ ಮೀನಿನ ಹುರುಪೆಯಂತೆ ಏಳುತ್ತಿದ್ದರೆ, ಕೆರೆದಲ್ಲೆಲ್ಲ ಬಿಳಿ ಗೆರೆ ಮೂಡುತ್ತಿದ್ದರೆ, ಶೇ. 10ರ ಯೂರಿಯಾ ಕ್ರೀಮಿಗೇ ನಮ್ಮ ಮೊದಲ ಮತ. ಮುಖ್ಯ ಷರತ್ತು, ಚರ್ಮ ಒಡೆದಿರಬಾರದು.

ವಯಸ್ಸಾದಂತೆ ಚರ್ಮದ ಸಹಜ ಜಿಡ್ಡು ಹೇಗೂ ಕಡಿಮೆಯಾಗಿರುತ್ತದೆ. ಅದರ ಮೇಲೆ ಔಷಧವು ಹೊಸ ಜೀವಕೋಶ ಹುಟ್ಟುವುದಕ್ಕೂ ಅಡ್ಡಿ ಮಾಡುತ್ತದೆ. ಪೆಟ್ರೋಲಿಯಂ ಜೆಲ್ಲಿ ಚರ್ಮದಲ್ಲಿರುವ ನೀರು ಆರದಂತೆ ಮುಚ್ಚುತ್ತದೆ, ಅಷ್ಟೇ. ಯೂರಿಯಾ ನೀರನ್ನು ಹಿಡಿದಿಡುವುದರ ಜೊತೆಗೆ ಗಟ್ಟಿಯಾದ ಹೊಟ್ಟನ್ನೂ ಸಡಿಲಿಸುತ್ತದೆ. ಹಾಗಂತ ಶೇ. 20, ಶೇ. 40 ಅಂತ ಜಾಸ್ತಿ ಇರುವುದನ್ನು ತರಬೇಡಿ. ಅವು ಚರ್ಮ ಸುಲಿಯುವಷ್ಟು ಜೋರು. ದಪ್ಪಗಟ್ಟಿದ ಹಿಮ್ಮಡಿಗೆ, ಅದೂ ವೈದ್ಯರು ಹೇಳಿದರೆ ಮಾತ್ರ.

ಹೆಚ್ಚಿನವರು ಸೋಲುವುದು ಪ್ರಮಾಣದಲ್ಲಿ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಒಂದು ಎಳೆ ಸುಮಾರು ಅರ್ಧ ಗ್ರಾಂ. ಒಂದು ಕಾಲಿಗೆ ಇಂಥ 6 ಎಳೆ, ಪಾದಕ್ಕೆ 2, ತೋಳಿಗೆ 3, ಕೈಗೆ 1 ಬೇಕು. ಎರಡೂ ಕಡೆ ಸೇರಿದರೆ ಒಂದು ಸಲಕ್ಕೆ 12 ಗ್ರಾಂ, ದಿನಕ್ಕೆರಡು ಸಲ ಅಂದರೆ 24. ಹಾಗಾಗಿ 50 ಗ್ರಾಂ ಟ್ಯೂಬು ಎರಡೇ ದಿನಕ್ಕೆ ಮುಗಿಯುತ್ತದೆ. ಅದನ್ನೇ ತಿಂಗಳು ಎಳೆದವರು "ಕ್ರೀಮು ಕೆಲಸ ಮಾಡಲಿಲ್ಲ" ಅಂದರೆ ತಪ್ಪು ಕ್ರೀಮಿನದಲ್ಲ. ಪಂಪ್ ಇರುವ ದೊಡ್ಡ ಬಾಟಲಿಯೇ ವಾಸಿ. ಬಾಯಿ ಅಗಲದ ಡಬ್ಬಿಯಾದರೆ ಬೆರಳು ಅದ್ದದೆ ಶುಚಿಯಾದ ಚಮಚದಲ್ಲಿ ತೆಗೆಯಿರಿ. ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಡಬ್ಬಿಯೊಳಗೆ ಸೇರುವ ಸೂಕ್ಷ್ಮಾಣುಗಳೂ ಅಪಾಯ.

ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, ಹತ್ತು ನಿಮಿಷದೊಳಗೆ ಮುಗಿಯಲಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮುನ್ನ, ಮೂರು ನಿಮಿಷದಲ್ಲೇ ಹಚ್ಚಿ. ಕೈ ಕೂದಲು ಮಲಗಿರುವ ದಿಕ್ಕಿನಲ್ಲೇ ಹೋಗಲಿ. ಎದುರು ದಿಕ್ಕಿಗೆ ತಿಕ್ಕಿದರೆ ಕೂದಲ ಬುಡದಲ್ಲಿ ಗುಳ್ಳೆ ಏಳಬಹುದು. ಕಾಲ್ಬೆರಳ ಸಂದಿಗೆ ಬೇಡ. ಪಾದಕ್ಕೆ ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿಸಿ, ಚಪ್ಪಲಿಯಿಲ್ಲದೆ ನಡೆಸಬೇಡಿ. ಜಾರಿ ಬಿದ್ದರೆ ಒಣಚರ್ಮಕ್ಕಿಂತ ದೊಡ್ಡ ಕಷ್ಟ.

ಯೂರಿಯಾದ ದೊಡ್ಡ ತೊಂದರೆ ಉರಿ. ಬೆರಳ ತುದಿಯ ಕೂದಲೆಳೆಯಷ್ಟು ಸಣ್ಣ ಸೀಳಿಗೆ ತಾಗಿದರೂ ಚುರ್ ಅನ್ನುತ್ತದೆ, ಹಿರಿಯರು ಮತ್ತೆ ಹಚ್ಚಿಸಿಕೊಳ್ಳಲು ಒಪ್ಪುವುದಿಲ್ಲ. ಅಲ್ಲಿ ಮತ್ತು ತುಟಿಗೆ ಬಿಳಿ ಪೆಟ್ರೋಲಿಯಂ ಜೆಲ್ಲಿ, ಮುಖಕ್ಕೆ ವಾಸನೆಯಿಲ್ಲದ ಸೆರಮೈಡ್ (ಚರ್ಮದಲ್ಲಿ ಸಹಜವಾಗಿಯೇ ಇರುವ ಒಂದು ಜಿಡ್ಡು) ಕ್ರೀಮ್ ಸರಿ. ಜೆಲ್ಲಿ ಹೀರಿದ ಬಟ್ಟೆ, ಹಾಸಿಗೆಗೆ ಬೆಂಕಿ ಬಹುಬೇಗ ಹತ್ತುತ್ತದೆ, ಒಗೆದರೂ ಅಂಶ ಪೂರ್ತಿ ಹೋಗುವುದಿಲ್ಲ. ಒಲೆ, ದೀಪ, ಬೀಡಿ ಸಿಗರೇಟುಗಳಿಂದ ದೂರವಿರಿಸಿ. ಯಾವ ಕ್ರೀಮೇ ಆಗಲಿ ಸುಗಂಧ, ಮೆಂಥಾಲ್, ಆಲ್ಕೋಹಾಲ್ ಇದ್ದರೆ ಅಂಗಡಿಯಲ್ಲೇ ಬಿಡಿ.

ರೇಡಿಯೇಷನ್ ಬೀಳುವ ಜಾಗಕ್ಕೆ ಆ ವಿಭಾಗದವರನ್ನು ಕೇಳದೆ ಏನನ್ನೂ ಹಚ್ಚಬೇಡಿ. ಹಚ್ಚಲು ಹೇಳಿದರೂ ಚಿಕಿತ್ಸೆಗೆ ಹೋಗುವ ಮುನ್ನ ದಪ್ಪ ಲೇಪ ಬೇಡ. ಅಂಗೈ ಅಂಗಾಲು ಕೆಂಪಾಗಿ ನೋಯುತ್ತಿದ್ದರೆ, ಗುಳ್ಳೆ ಎದ್ದರೆ, ಕೀವು ಕಂಡರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಅದೇ ದಿನ ತಿಳಿಸಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯಾಗಿದ್ದರೂ ಕಾಯದೆ ಫೋನ್ ಮಾಡಿ.