ಹಳೆಯ ಕಾರ್ ಬ್ಯಾಟರಿಯ ಬದಲಿಗೆ: ಸಾಮಾನ್ಯ ಬ್ಯಾಟರಿಯೋ, ಎಜಿಎಂ ಬ್ಯಾಟರಿಯೋ?

ಬೆಲೆಯೊಂದೇ ಮಾನದಂಡವಾದರೆ ದ್ರವರೂಪದ ಆಮ್ಲ ತುಂಬಿದ ಸಾಮಾನ್ಯ ಬ್ಯಾಟರಿಯೇ ಅಗ್ಗ. ಎಜಿಎಂಗೆ (ಅಬ್ಸಾರ್ಬೆಂಟ್ ಗ್ಲಾಸ್ ಮ್ಯಾಟ್ ಬ್ಯಾಟರಿಗೆ) ಗಣನೀಯವಾಗಿ ಹೆಚ್ಚು ತೆರಬೇಕು. ಬಾಳಿಕೆಯ ಪ್ರಶ್ನೆ ಇಷ್ಟು ಸರಳವಲ್ಲ. ಎಜಿಎಂನಲ್ಲಿ ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವುದರಿಂದ ಅದು ಅಲುಗಾಟವನ್ನೂ, ಪದೇ ಪದೇ ಚಾರ್ಜ್ ಇಳಿದು ಏರುವುದನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಅತಿಯಾದ ಚಾರ್ಜನ್ನು ಸಹಿಸದು, ಏಕೆಂದರೆ ಅದು ಕಳೆದುಕೊಂಡ ನೀರನ್ನು ಮತ್ತೆ ತುಂಬಲಾಗದು. ಮುಚ್ಚಳ ತೆರೆಯಬಹುದಾದ ಸಾಮಾನ್ಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುತ್ತಿರಬೇಕು.

ಕಾರು ನಿಂತಾಗ ಎಂಜಿನ್ ತಾನಾಗಿ ಆರುವ ವ್ಯವಸ್ಥೆಯಿದ್ದು, ಎಜಿಎಂ ಸಹಿತವೇ ಕಾರು ಬಂದಿದ್ದರೆ ಮತ್ತೆ ಅದನ್ನೇ ಹಾಕಿಸಬೇಕು. ಇಲ್ಲಿ ಉಳಿತಾಯಕ್ಕೆ ಹೋಗುವುದು ಖಂಡಿತ ಸರಿಯಲ್ಲ. ಅಂಥ ವ್ಯವಸ್ಥೆಯಿಲ್ಲದೆ, ನಿಯಮಿತವಾಗಿ ದೂರ ಓಡುವ ಕಾರಿಗೆ ಸಾಮಾನ್ಯ ಬ್ಯಾಟರಿ ಸಾಕು. ಯಾವುದನ್ನೇ ಆರಿಸಿದರೂ ಅದರ ಗಾತ್ರ, ಟರ್ಮಿನಲ್‌ಗಳ ಸ್ಥಾನ ಮತ್ತು ಆಂಪಿಯರ್-ಅವರ್ ಸಾಮರ್ಥ್ಯ (ಎಷ್ಟು ವಿದ್ಯುತ್ ಹಿಡಿದಿಡಬಲ್ಲದೆಂಬ ಅಳತೆ) ಕಾರಿನ ಕೈಪಿಡಿಗೆ ಹೊಂದಿಕೆಯಾಗಬೇಕು.