ಹಾಸನದ ಮರದ ಗಾಣದಂಗಡಿ: ಎಣ್ಣೆ ಚೆನ್ನ, ಗೋಡೆಬರಹ ನಂಬಬೇಡಿ

ಹಾಸನದ ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿರುವ ಮರದ ಗಾಣದಂಗಡಿಯಿಂದ ನಮ್ಮ ಮನೆಗೆ ಕೆಲಕಾಲದಿಂದ ಎಣ್ಣೆ ಬರುತ್ತಿದೆ. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಅಗಸೆ ಎಣ್ಣೆಗಳು ಅಲ್ಲಿ ಸಿಗುತ್ತವೆ. ಅರಸೀಕೆರೆ ಕಡೆಯ ರೈತರು ತಮ್ಮದೇ ಕೊಬ್ಬರಿ ತಂದು, ಕೂಲಿ ಕೊಟ್ಟು ಎಣ್ಣೆ ತೆಗೆಸಿಕೊಂಡು, ಹಿಂಡಿಯನ್ನು ದನಗಳಿಗೆಂದು ಚೀಲಕ್ಕೆ ತುಂಬಿಸಿಕೊಂಡು ಹೋಗುವುದೂ ಉಂಟು. ಹಿಂಡಿದ ಎಣ್ಣೆಯನ್ನು ಸ್ಟೀಲಿನ ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು, ಗಸಿ ತಳಕ್ಕಿಳಿದ ಮೇಲೆ ಬಟ್ಟೆಯಲ್ಲಿ ಸೋಸಿ ಮಾರುತ್ತಾರೆ. ಕಡಲೆಕಾಯಿ ಎಣ್ಣೆಯ ಮುಚ್ಚಳ ತೆರೆದರೆ ಹುರಿಯದ ಬೀಜದ ಹಸಿ ಪರಿಮಳ ಬರುತ್ತದೆ. ಕಮಟು ವಾಸನೆ ಒಮ್ಮೆಯೂ ಬಂದಿಲ್ಲ.

ನನ್ನ ತಕರಾರಿರುವುದು ಗೋಡೆಯ ಮೇಲಿನ ಬರಹಗಳ ಬಗ್ಗೆ. ‘ಕೊಲೆಸ್ಟರಾಲ್ ಇಲ್ಲದ ಕೊಬ್ಬರಿ ಎಣ್ಣೆ, ಹೃದಯಕ್ಕೆ ಹಿತ’ ಎಂದು ದೊಡ್ಡದಾಗಿ ಬರೆಸಿದ್ದಾರೆ. ಗಿಡಮರಗಳಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲವಾದ್ದರಿಂದ ಮೊದಲ ಮಾತಿನಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಕೊಬ್ಬು ಜೀರ್ಣವಾಗಲು ನೆರವಾಗುವ ಪಿತ್ತಾಮ್ಲಗಳಿಗೆ, ‘ಡಿ’ ಜೀವಸತ್ವಕ್ಕೆ, ಹಲವು ಹಾರ್ಮೋನುಗಳಿಗೆ ಬೇಕಾದ ಕೊಲೆಸ್ಟರಾಲನ್ನು ನಮ್ಮ ಯಕೃತ್ತೇ ತಯಾರಿಸಿಕೊಳ್ಳುತ್ತದೆ. ಎರಡನೆಯ ಮಾತು ಇನ್ನೂ ತೊಡಕಿನದು: ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಆಸುಪಾಸಿನಷ್ಟು ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿದ್ದು, ಅಂಥ ಕೊಬ್ಬು ಹೆಚ್ಚಾದಾಗ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕಣಗಳನ್ನು (ಕೊಲೆಸ್ಟರಾಲ್ ಹೊತ್ತು ಸಾಗುವ, ಹೆಚ್ಚಾದರೆ ಹೃದಯಕ್ಕೆ ಕೇಡಾಗುವ ಕಣಗಳು) ಹಿಂದಕ್ಕೆ ಎಳೆದುಕೊಳ್ಳುವ ವೇಗ ತಗ್ಗಿ, ಅವು ರಕ್ತದಲ್ಲೇ ಉಳಿಯುತ್ತವೆ. ಪಲ್ಯದ ಒಗ್ಗರಣೆಗೆ ಒಂದು ಚಮಚ ಹಾಕುವುದಕ್ಕೆ ಯಾರೂ ಹೆದರಬೇಕಿಲ್ಲ. ಹೃದಯದ ಔಷಧವೆಂದು ಬಳಸುವುದು ಮಾತ್ರ ತಪ್ಪು.

ದಿನಬಳಕೆಗೆ ನಾನು ಕಡಲೆಕಾಯಿ ಎಣ್ಣೆಯನ್ನೇ ಒಯ್ಯುತ್ತೇನೆ. ಅದರಲ್ಲಿ ಸುಮಾರು ಅರ್ಧದಷ್ಟು ಓಲೀಕ್ ಆಮ್ಲವೂ ಮೂರನೆಯ ಒಂದು ಪಾಲಿನ ಹತ್ತಿರಕ್ಕೆ ಲಿನೋಲಿಯಿಕ್ ಆಮ್ಲವೂ ಇರುತ್ತವೆ; ಇವೆರಡೂ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳು. ಈ ಲಿನೋಲಿಯಿಕ್ ಆಮ್ಲವನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು. ಕೊಬ್ಬನ್ನು ಪೂರ್ತಿ ತೆಗೆದ ಆಹಾರ ತಿಂದ ಇಲಿಗಳ ಬೆಳವಣಿಗೆ ಕುಂಠಿತವಾಗಿ ಚರ್ಮ ಒಡೆಯುವುದನ್ನು 1929ರಲ್ಲಿ ಅಮೆರಿಕದ ಜಾರ್ಜ್ ಮತ್ತು ಮಿಲ್‌ಡ್ರೆಡ್ ಬರ್ ದಂಪತಿ ತೋರಿಸಿದ ಮೇಲೆಯೇ ಕೆಲವು ಕೊಬ್ಬಿನಾಮ್ಲಗಳು ಆಹಾರದಿಂದಲೇ ಬರಬೇಕೆಂಬುದು ಖಚಿತವಾಯಿತು. ಜೀವಕೋಶಗಳ ಪೊರೆ ಕಟ್ಟುವುದಕ್ಕೂ ಉರಿಯೂತವನ್ನು ಹತೋಟಿಯಲ್ಲಿಡುವ ರಾಸಾಯನಿಕಗಳನ್ನು ತಯಾರಿಸುವುದಕ್ಕೂ ಅವು ಬೇಕು. ಹುಚ್ಚೆಳ್ಳೆಣ್ಣೆಯಲ್ಲಂತೂ ಲಿನೋಲಿಯಿಕ್ ಆಮ್ಲದ್ದೇ ಸಿಂಹಪಾಲು. (ಹುಚ್ಚೆಳ್ಳು ಚಟ್ನಿಪುಡಿ ತಿನ್ನುವ ಮನೆಗಳಲ್ಲಿ ಆ ಎಣ್ಣೆ ಬೇರೆಯಾಗಿ ಕೊಳ್ಳುವ ಅಗತ್ಯ ಕಡಿಮೆ.)

ಅಗಸೆ ಎಣ್ಣೆಯನ್ನು ಮಾತ್ರ ಇಲ್ಲಿ ಕೊಳ್ಳಬೇಡಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲಿರುವ ಆಲ್ಫಾ ಲಿನೋಲೆನಿಕ್ ಆಮ್ಲವೆಂಬ ಒಮೇಗಾ 3 ಕೊಬ್ಬಿನಾಮ್ಲ ಬೆಳಕು, ಶಾಖ, ಗಾಳಿ ತಗುಲಿದರೆ ಬೇಗ ಕೆಡುತ್ತದೆ. ಈ ಅಂಗಡಿಯವರು ಅದನ್ನು ಪಾರದರ್ಶಕ ಬಾಟಲಿಗಳಲ್ಲಿ ತುಂಬಿಸಿ, ಬಿಸಿಲು ಬೀಳುವ ಕಿಟಕಿಯ ಬಳಿಯೇ ಸಾಲಾಗಿಟ್ಟಿದ್ದಾರೆ. ಹೇಳಿದೆ, ‘ಅಲ್ಲಿಟ್ಟರೇ ಕಾಣೋದು ಸಾರ್’ ಎಂದರು. ಅಗಸೆ ಬೀಜವನ್ನೇ ತಂದು, ಬೇಕಾದಾಗ ಪುಡಿ ಮಾಡಿಕೊಳ್ಳುವುದು ಲೇಸು.

ಗಾಣದ ಎಣ್ಣೆಯಾದರೆ ಕೊಬ್ಬು ಕಡಿಮೆ ಎಂಬ ನಂಬಿಕೆ ಗಿರಾಕಿಗಳಲ್ಲೂ ಇದೆ. ಯಾವ ಎಣ್ಣೆಯಾದರೂ ಒಂದು ಗ್ರಾಂಗೆ 9 ಕಿಲೋಕ್ಯಾಲರಿಯೇ. ಶುದ್ಧೀಕರಿಸಿದ ಎಣ್ಣೆಗಿಂತ ಗಾಣದ ಎಣ್ಣೆ ಬೇಗ ಹೊಗೆಯಾಡುವುದರಿಂದ ಬಜ್ಜಿ, ವಡೆ ಕರಿಯಲು ಅಷ್ಟಾಗಿ ಒಗ್ಗುವುದಿಲ್ಲ. ಬಸ್ಸಾರಿನ ಒಗ್ಗರಣೆಗೆ ಧಾರಾಳವಾಗಿ ಸಾಕು. ಸೊಪ್ಪಿನಲ್ಲಿರುವ, ದೇಹ ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಕೆರೋಟಿನ್ ಕರುಳಿನಲ್ಲಿ ಹೀರಿಕೆಯಾಗಲು ಕೊಂಚ ಕೊಬ್ಬು ಬೇಕಾದ್ದರಿಂದ ಆ ಒಂದೆರಡು ಚಮಚ ವ್ಯರ್ಥವಾಗದು.

ಪೇಟೆಯ ಪ್ಯಾಕೆಟ್ ಎಣ್ಣೆಗಿಂತ ಬೆಲೆ ಹೆಚ್ಚು. ಸ್ವಂತ ಡಬ್ಬಿ ಒಯ್ದರೆ ಅರ್ಧ ಲೀಟರನ್ನೂ ಬೇಸರಿಸದೆ ಅಳೆದು ಕೊಡುತ್ತಾರೆ. ತೇವ ಉಳಿದ ಡಬ್ಬಿಯನ್ನು ವಾಪಸು ಮಾಡುತ್ತಾರಾದ್ದರಿಂದ ಚೆನ್ನಾಗಿ ಒಣಗಿಸಿಯೇ ಒಯ್ಯಿರಿ.